ಹದಿನೇಳನೆಯ ಬಟ್ಟಲು

ಜೀಪು ಹತ್ತುವ ಮುಂಚೆಯೇ ಅರ್ನುಲ್ಫೊ ಪೆರ್ದೊಮೊ ಜೇಬಿನ ಚೀಟಿಯನ್ನು ಎರಡು ಸಲ ತೆಗೆದು ಓದಿಕೊಂಡಿದ್ದ. ಹತ್ತಿ ಕೂತ ಮೇಲೆ ಮೂರನೆಯ ಸಲ ತೆಗೆದ. "ಎತೆಲ್ವಿನಾ ಚಾವರ್ರೊ. ಹದಿನೇಳನೆಯ ಬಟ್ಟಲು. ಎಂಬತ್ತೆಂಟು. ಗಿಡ ಕಡಿಯಬೇಡಿ ಎಂದು ಹೇಳುವುದು." ಅಕ್ಷರ ಅವನದೇ. ಅದರ ಕೆಳಗೆ ಹೆಂಡತಿ ನೂರ್ಬಿಯ ದಪ್ಪ ಅಕ್ಷರದಲ್ಲಿ, "ಹನ್ನೆರಡಕ್ಕೆ ಮಾತ್ರೆ. ಟೋಪಿ ಎಲ್ಲೂ ಬಿಟ್ಟು ಬರಬೇಡಿ." ಕಾಫಿ ಬೆಳೆಗಾರರ ಸಹಕಾರ ಸಂಘದ ಮುಖ್ಯ ರುಚಿಗಾರ, ಒಂದು ಚಮಚ ಹೀರಿದರೆ ಅದು ಯಾವ ಗುಡ್ಡದ ಯಾವ ಮಗ್ಗುಲಿನ ಬೀಜ ಎಂದು ಹೇಳಿಬಿಡುತ್ತಾನೆ ಎಂದು ಪಿತಾಲಿತೊ ಪೇಟೆಯಲ್ಲೆಲ್ಲ ಹೆಸರಾದವನು, ಐವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ದಿನ ಶಾಲೆಗೆ ಹೊರಟವನ ಹಾಗೆ ಚೀಟಿ ಇಟ್ಟುಕೊಂಡು ಹೊರಟಿದ್ದ. ಇಡಬೇಕಾಗಿತ್ತು. ಸೋಮವಾರ ಇದೇ ಎತೆಲ್ವಿನಾಗೆ ಹೇಳಿಬರುತ್ತೇನೆಂದು ಮನೆಯಿಂದ ಹೊರಟವನು ಕ್ಷೌರ ಮಾಡಿಸಿಕೊಂಡು ವಾಪಸು ಬಂದಿದ್ದ. ಮಂಗಳವಾರ ಜೀಪು ನಿಲ್ದಾಣದವರೆಗೂ ಹೋಗಿ, ಅಲ್ಲಿ ನಿಂತು ತಾನೇಕೆ ನಿಂತಿದ್ದೇನೆಂದು ಬಹಳ ಹೊತ್ತು ಯೋಚಿಸಿ, ನಿಂತದ್ದಕ್ಕೆ ಏನಾದರೂ ಕಾರಣವಿರಲೆಂದು ಎರಡು ಕಿಲೊ ಸೀಬೆಹಣ್ಣು ಕೊಂಡು ತಂದಿದ್ದ. ಬುಧವಾರ ನೂರ್ಬಿ ಸೀಬೆಯ ಜಾಮು ಮಾಡುತ್ತ, "ಒಂದು ಗಿಡ ಕಡಿಯಬೇಡಿ ಅಂತ ಹೇಳೋಕೆ ಇಷ್ಟು ತಾಪತ್ರಯ ಪಡ್ತೀರಲ್ಲ. ಕಡೀರಿ ಅಂತ ಹೇಳೋದಾಗಿದ್ರೆ ಸಂಘದೋರು ಆವತ್ತೇ ಹೇಳಿ ಮುಗಿಸ್ತಿದ್ರು," ಅಂದಳು. ಸಂಘದವರು ಹೇಳಿ ಮುಗಿಸಿಯೇ ಇದ್ದರು. ಇವತ್ತು ಗುರುವಾರ. ಈ ವಾರವೇ ಎತೆಲ್ವಿನಾ ಗರಗಸ ಹಿಡಿಯುತ್ತಾಳೆಂದು ಅವನಿಗೆ ಯಾರೋ ಹೇಳಿದ್ದರು. ಯಾರು ಎನ್ನುವುದನ್ನು ಮರೆತಿದ್ದ.

ಮರೆವು ಬರುವುದಾದರೆ ಸ್ವಲ್ಪ ವಿವೇಚನೆಯಿಂದ ಬರಬೇಕು. ನಿನ್ನೆ ಏನು ಉಂಡೆ ಎಂಬುದನ್ನು, ಕಿರಿಯ ಮಗಳು ಯಾವ ಊರಿನಲ್ಲಿದ್ದಾಳೆ ಎಂಬುದನ್ನು ಅಳಿಸಿಹಾಕಿದ ಅವನ ಕಾಯಿಲೆ, ಏಳು ವಾರದ ಹಿಂದಿನ ಆ ಶುಕ್ರವಾರವನ್ನು ಮಾತ್ರ ಗಾಜಿನ ಬೀರುವಿನಲ್ಲಿಟ್ಟ ಬೆಳ್ಳಿ ಲೋಟದ ಹಾಗೆ ಒರೆಸಿ ಇಟ್ಟಿತ್ತು. ಜೀಪು ತಿರುವು ದಾಟುವಾಗ ಎಡಗೆನ್ನೆ ಸಟ್ಟನೆ ಕಿವಿಯ ಕಡೆಗೆ ಎಳೆಯಿತು, ಎಡಗೈ ಮಡಚಿಕೊಂಡು ಎದೆಯವರೆಗೆ ಎದ್ದಿತು, ಎರಡು ಸೆಕೆಂಡು, ಮತ್ತೆ ಎಲ್ಲ ಮೊದಲಿನ ಹಾಗೇ. ಎದುರು ಸೀಟಿನಲ್ಲಿ ಮಡಿಲಲ್ಲಿ ಕೋಳಿ ಇಟ್ಟುಕೊಂಡು ಕೂತಿದ್ದ ಹೆಂಗಸು ಅವನನ್ನು ನೋಡಿದಳು, ಆಮೇಲೆ ಸುತ್ತಲೂ ನೋಡಿದಳು, ಆಮೇಲೆ ಶಾಲು ಸರಿಮಾಡಿಕೊಂಡು, "ಈ ವಯಸ್ಸಿನಲ್ಲೂನಾ!" ಎಂದು ಕೋಳಿಗೆ ಹೇಳಿದಳು. ವಿವರಿಸಬಹುದಿತ್ತು. ಅಮ್ಮಾ, ಇದು ಕಣ್ಣು ಹೊಡೆದದ್ದಲ್ಲ, ಫಿಟ್ಸು. ಅದನ್ನು ಕೇಳಿ ಅವಳು ಸೀಟು ಬದಲಾಯಿಸುತ್ತಿದ್ದಳು. ಪೋಲಿ ಅನ್ನಿಸಿಕೊಳ್ಳುವುದು ರೋಗಿ ಅನ್ನಿಸಿಕೊಳ್ಳುವುದಕ್ಕಿಂತ ಮರ್ಯಾದೆಯದು ಅನ್ನಿಸಿ ಅವನು ಸುಮ್ಮನೆ ಕಿಟಕಿಯ ಕಡೆ ತಿರುಗಿದ. ಮುಂಚೆ ದಿನಕ್ಕೆ ಐವತ್ತು ಸಲ ಬರುತ್ತಿತ್ತಂತೆ. ನೇಯ್ವಾದ ಆಸ್ಪತ್ರೆಯಲ್ಲಿ ಐದು ದಿನ ನರಕ್ಕೆ ಔಷಧಿ ಹರಿಸಿದ ಮೇಲೆ ಐದಕ್ಕೆ ಇಳಿದಿತ್ತು. "ಅಂತೆ" ಯಾಕೆಂದರೆ ಐವತ್ತು ಸಲವೂ ಅವನಿಗೆ ಗೊತ್ತಾಗಿರಲಿಲ್ಲ. ತನ್ನ ಮುಖದ ಮೇಲೆ ನಡೆಯುತ್ತಿದ್ದದ್ದು ಊರಿಗೆಲ್ಲ ಕಾಣುತ್ತಿತ್ತು, ಮುಖದ ಒಡೆಯನಿಗೆ ಮಾತ್ರ ಆಮಂತ್ರಣವಿರಲಿಲ್ಲ.

ಊರೆಲ್ಲ ಕಂಡದ್ದನ್ನು ಎಲ್ಲರೂ ತಮತಮಗೆ ಬೇಕಾದ ಹಾಗೆ ಅರ್ಥ ಮಾಡಿಕೊಂಡಿದ್ದರು. ಪಾದ್ರಿ ತನ್ನ ಪ್ರವಚನಕ್ಕೆ ಅಣಕ ಅಂದುಕೊಂಡ. ನೂರ್ಬಿ ತನ್ನ ಅಡುಗೆಗೆ ಅಂದುಕೊಂಡಳು. ಎರಡು ತಿಂಗಳು ಅವಳು ಅವನ ಜೊತೆ ಸರಿಯಾಗಿ ಮಾತಾಡಿರಲಿಲ್ಲ. ಕೋಳಿ ಸಾರು ಬಡಿಸಿ ನಿಂತು ನೋಡುವಳು, ಅವನು ಮೊದಲ ಚಮಚ ಬಾಯಿಗಿಡುವನು, ಕೆನ್ನೆ ಸೊಟ್ಟಗಾಗುವುದು, ಅವಳು ಸೌಟನ್ನು ಪಾತ್ರೆಗೆ ಎಸೆದು ಒಳಗೆ ಹೋಗುವಳು. ಅವನೋ, ಸಾರು ಚೆನ್ನಾಗಿದೆ ಎಂದುಕೊಂಡು ಉಣ್ಣುತ್ತ, ಇವಳಿಗೆ ವಯಸ್ಸಾಯಿತು, ಸಿಡುಕು ಜಾಸ್ತಿಯಾಯಿತು ಎಂದು ದೊಡ್ಡ ಮನಸ್ಸು ಮಾಡಿ ಕ್ಷಮಿಸುತ್ತಿದ್ದ. ಕೊನೆಗೆ ಒಂದು ಬೆಳಿಗ್ಗೆ ಅವನು ಮೂರು ಸಲ ಬಟ್ಟಲು ಬೀಳಿಸಿ, ಮಗಳ ಹೆಸರು ಏನು ಎಂದು ಕೇಳಿದಾಗ ಅವಳ ಸಿಟ್ಟು ಇಳಿದು ಮುಖ ಬಿಳಿಚಿತು. ಆಸ್ಪತ್ರೆಯಲ್ಲಿ ನರರೋಗದ ಡಾಕ್ಟರು, ಅವನ ಮಗಳ ವಯಸ್ಸಿನ ಹುಡುಗಿ, ಎಲ್ಲ ಪರೀಕ್ಷೆ ಮುಗಿಸಿ ಮಂಚದ ಅಂಚಿನಲ್ಲಿ ಕೂತು, "ಮನೆ ಕಾಯೋಕೆ ಇಟ್ಟ ನಾಯಿ ಮನೆಯೋರನ್ನೇ ಕಚ್ಚಿದ ಹಾಗೆ ಆಗಿದೆ ದೋನ್ ಅರ್ನುಲ್ಫೊ. ನಿಮ್ಮ ರಕ್ತದಲ್ಲಿರೋ ಕಾವಲು ಪಡೆ ನಿಮ್ಮ ಮೆದುಳನ್ನೇ ಶತ್ರು ಅಂದ್ಕೊಂಡುಬಿಟ್ಟಿದೆ. ಮೆದುಳು ಊದಿದೆ. ಮುಖ ಎಳೆಯೋದು, ಕೈ ಮಡಚೋದು, ಎಲ್ಲಾ ಅದರ ಫಿಟ್ಸು," ಅಂದಳು.

"ಫಿಟ್ಸು ಅಂದ್ರೆ ಕೆಳಗೆ ಬಿದ್ದು ನೊರೆ ಕಾರೋದಲ್ವಾ?" ಅಂದ ಅವನು, ಸ್ವಲ್ಪ ಅವಮಾನವಾದವನಂತೆ.

"ಎಲ್ಲಾ ಫಿಟ್ಸೂ ಅಷ್ಟು ಆಡಂಬರ ಮಾಡಲ್ಲ. ರಕ್ತದಲ್ಲಿ ಉಪ್ಪೂ ಕಡಿಮೆಯಾಗಿದೆ. ಅದೂ ಈ ಕಾಯಿಲೇದೇ ಲಕ್ಷಣ."

"ನೋಡಿ!" ಅಂದಳು ನೂರ್ಬಿ. ಅಳುತ್ತಿದ್ದವಳು ಕಣ್ಣೊರೆಸಿಕೊಂಡು ಎದ್ದು ನಿಂತಿದ್ದಳು. "ಎರಡು ತಿಂಗಳಿಂದ ನನ್ನ ಸಾರಿಗೆ ಉಪ್ಪಿಲ್ಲ ಅನ್ನೋ ಹಾಗೆ ಮುಖ ಮಾಡ್ತಿದ್ರು. ಈಗ ನೋಡಿದ್ರೆ ಉಪ್ಪಿಲ್ಲದೇ ಇರೋದು ಇವರಲ್ಲೇ."

ಡಾಕ್ಟರು ತನ್ನ ಫೋನಿನಲ್ಲಿ ಹಿಡಿದಿದ್ದ ವಿಡಿಯೊ ತೋರಿಸಿದ್ದು ಆಗ. ಮಂಚದ ಮೇಲೆ ಒಬ್ಬ ಬೋಳುತಲೆಯ ಮನುಷ್ಯ ಕೂತಿದ್ದಾನೆ, ಗಂಜಿ ಕುಡಿಯುತ್ತಿದ್ದಾನೆ, ಇದ್ದಕ್ಕಿದ್ದ ಹಾಗೆ ಅವನ ಮೂಗು ಮುದುಡುತ್ತದೆ, ಬಾಯಿಯ ಎಡತುದಿ ಹೇಸಿಗೆ ಮುಟ್ಟಿದ ಹಾಗೆ ಹಿಂದಕ್ಕೆ ಸರಿಯುತ್ತದೆ, ಎಡಗೈ "ತೆಗೆದುಕೊಂಡು ಹೋಗು ಇದನ್ನ" ಎನ್ನುವಂತೆ ಎದ್ದು ಮಡಚುತ್ತದೆ. ಅರ್ನುಲ್ಫೊಗೆ ಮೊದಲು ಅನ್ನಿಸಿದ್ದು ತನಗೆ ಏನೋ ಆಗಿದೆ ಎಂದಲ್ಲ. ಆ ಗಂಜಿ ಹಳಸಿರಬೇಕು ಎಂದು. ಆಮೇಲೆ ಗುರುತು ಹತ್ತಿತು. ಹುಳುಕು ಬೀಜದ, ಬೂಷ್ಟು ಹಿಡಿದ ಮೂಟೆಯ ಕಾಫಿಗೆ ರುಚಿಗಾರ ಮಾಡಬಾರದೆಂದು ಅವನೇ ಎಲ್ಲರಿಗೂ ಕಲಿಸಿದ್ದ ಮುಖ ಅದು. ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಮಾಡಿರದ ಮುಖ. ಹಾಗಾದರೆ ಆ ಶುಕ್ರವಾರ, ಎಂದುಕೊಂಡ, ಹಾಗಾದರೆ ಹದಿನೇಳನೆಯ ಬಟ್ಟಲು.

ಆ ಶುಕ್ರವಾರ ವರ್ಷದ ಸ್ಪರ್ಧೆ. ತಿರುಗುವ ದುಂಡು ಮೇಜು, ಅದರ ಮೇಲೆ ಇಪ್ಪತ್ತೆರಡು ಬಟ್ಟಲು, ಯಾರ ತೋಟದ್ದೆಂದು ಯಾರಿಗೂ ಗೊತ್ತಿಲ್ಲದ ಹಾಗೆ ಬರೀ ಸಂಖ್ಯೆ. ಸುತ್ತ ನಾಲ್ಕು ಜನ, ಅವನು ಮತ್ತು ಅವನೇ ತಯಾರು ಮಾಡಿದ ಯೇಯ್ಸನ್, ದೂಮರ್, ಲೇಯ್ದಿ. ಚಮಚ ಅದ್ದು, ಸೊರ್ರೆಂದು ಹೀರು, ನಾಲಿಗೆಯ ಮೇಲೆ ಹರಡು, ತಗಡಿನ ಡಬ್ಬಿಗೆ ಉಗುಳು, ಬರೆ. ಮಾತಿಲ್ಲ, ನಿಟ್ಟುಸಿರಿಲ್ಲ, ಮುಖದಲ್ಲಿ ಏನೂ ಇಲ್ಲ. ಇನ್ನೊಬ್ಬರ ನಾಲಿಗೆ ಕೆಡಬಾರದು. ಬರೆದಾದ ಮೇಲೆ ಅಂಕ ಗಟ್ಟಿಯಾಗಿ ಓದುವುದು, ಕಿರಿಯರು ಮೊದಲು, ಹಿರಿಯ ಕೊನೆಗೆ. ಹಿರಿಯನ ಮಾತು ಕೇಳಿ ಕಿರಿಯರು ಬದಲಾಯಿಸಬಾರದಲ್ಲ, ಅದಕ್ಕೆ. ಈ ನಿಯಮ ಮಾಡಿದವನು ಅರ್ನುಲ್ಫೊ. ಹಿರಿಯನೇ ಬದಲಾಯಿಸಿಬಿಟ್ಟರೆ ಎಂದು ನಿಯಮ ಮಾಡುವಾಗ ಅವನಿಗೆ ಹೊಳೆದಿರಲಿಲ್ಲ, ತನ್ನನ್ನು ತಾನು ಅಷ್ಟು ಚೆನ್ನಾಗಿ ಬಲ್ಲವರು ನಿಯಮ ಮಾಡುವ ಗೋಜಿಗೆ ಹೋಗುವುದಿಲ್ಲ. ಹದಿನೇಳನೆಯದನ್ನು ಹೀರಿದಾಗ ಆಗಷ್ಟೇ ಗಾಣದಿಂದ ಇಳಿದ ಕಬ್ಬಿನ ಹಾಲು, ಅದರ ಬೆನ್ನಿಗೆ ಹುಣಸೆಯ ಸಣ್ಣ ಚುರುಕು. ಖುಷಿಯಾಯಿತು. ಬಹಳ ದಿನದ ಮೇಲೆ ಈ ಕೆಲಸದಲ್ಲಿ ಖುಷಿಯಾಯಿತು. ಪೆನ್ಸಿಲಿನಲ್ಲಿ ನೂರಕ್ಕೆ ಎಂಬತ್ತೆಂಟು ಎಂದು ಬರೆದ. ಆಮೇಲೆ ಲೇಯ್ದಿ ಓದಿದಳು, ಎಪ್ಪತ್ತೆಂಟು. ದೂಮರ್, ಎಪ್ಪತ್ತೇಳು. ಯೇಯ್ಸನ್, ಎಪ್ಪತ್ತೆಂಟು. ಮೂವರೂ ಒಂದೇ ತಾಯಿಯ ಮಕ್ಕಳ ಹಾಗೆ. ಅರ್ನುಲ್ಫೊ ತನ್ನ ಹಾಳೆ ನೋಡಿಕೊಂಡ. ನನ್ನ ನಾಲಿಗೆ ಹೋಯಿತು, ಎಂದುಕೊಂಡ. ಮುದುಕನಾದೆ. ಈಗ ಎಂಬತ್ತೆಂಟು ಎಂದು ಓದಿದರೆ ಮೂವರೂ ನೆಲ ನೋಡುತ್ತಾರೆ, ಸಂಜೆ ಬಿಯರಿನ ಜೊತೆ ನಗುತ್ತಾರೆ. ಯೇಯ್ಸನ್ ಅಂಕ ಹೇಳಿ ಮುಗಿಸಿ ಇವನ ಕಡೆ ತಿರುಗುವುದರೊಳಗೆ, ರಬ್ಬರು ಹಾಳೆಯ ಮೇಲೆ ನಾಲ್ಕು ಸಲ ಓಡಾಡಿತ್ತು. "ಎಪ್ಪತ್ತೊಂಬತ್ತು," ಎಂದ. ಒಂದು ಅಂಕ ಹೆಚ್ಚು ಕೊಟ್ಟು ತನ್ನ ಸ್ವಾತಂತ್ರ್ಯವನ್ನೂ ಉಳಿಸಿಕೊಂಡ. ಎಂಬತ್ತಕ್ಕಿಂತ ಕಡಿಮೆಯಾದದ್ದು ಆಯ್ದ ಕಾಫಿಯ ಪಟ್ಟಿಗೆ ಸೇರುವುದಿಲ್ಲ, ಎಲ್ಲರ ಮೂಟೆಯ ಜೊತೆ ಒಂದೇ ರಾಶಿಗೆ ಬೀಳುತ್ತದೆ. ಮರುವಾರ ಸಂಘದ ತೋಟಗಾರಿಕೆ ಸಲಹೆಗಾರ ಹದಿನೇಳನೆಯ ಬಟ್ಟಲಿನ ಒಡತಿ ಎತೆಲ್ವಿನಾ ಚಾವರ್ರೊಳ ಮನೆಗೆ ಹೋಗಿ, ಅವಳ ತಾಯಿ ನೆಟ್ಟ ಹಳೆ ತಳಿಯ ಗಿಡಗಳನ್ನು ತೋರಿಸಿ, ಇವು ದಂಡ, ಕಡಿದು ಬೇರು ಕಿತ್ತು ಹೊಸ ಸಸಿ ಹಾಕಿ ಎಂದು ಹೇಳಿ ಬಂದ.

ಆಸ್ಪತ್ರೆಯಿಂದ ಬಂದ ಮೇಲೆ ಅವನು ಮೊದಲು ಹೋದದ್ದು ರುಚಿಕೋಣೆಗೆ. ಯೇಯ್ಸನ್ ಒಬ್ಬನೇ ಚಮಚ ತೊಳೆಯುತ್ತಿದ್ದ. ಮೂವತ್ತು ದಾಟಿದ ಮನುಷ್ಯ, ಎರಡು ಮಕ್ಕಳ ತಂದೆ, ಆದರೂ ಇವನನ್ನು ಕಂಡರೆ ಕೈಯಲ್ಲಿದ್ದದ್ದನ್ನು ಬೆನ್ನ ಹಿಂದೆ ಇಟ್ಟುಕೊಳ್ಳುವ ಅಭ್ಯಾಸ ಬಿಟ್ಟಿರಲಿಲ್ಲ.

"ಆವತ್ತು ಹದಿನೇಳಕ್ಕೆ ಎಪ್ಪತ್ತೆಂಟು ಯಾಕೆ ಕೊಟ್ಟೆ?"

"ಚೆನ್ನಾಗಿರ್ಲಿಲ್ವಲ್ಲ ಮೇಷ್ಟ್ರೇ."

"ಏನು ಚೆನ್ನಾಗಿರ್ಲಿಲ್ಲ? ಹುಳಿಯಾ, ಒಗರಾ, ಹೊಗೆ ವಾಸನೆಯಾ?"

ಯೇಯ್ಸನ್ ಚಮಚವನ್ನು ನೋಡಿದ. ಅದರಲ್ಲಿ ಉತ್ತರ ಬರೆದಿರಲಿಲ್ಲ. "ನೀವೇ ಮುಖ ಮಾಡಿದ್ರಲ್ಲ ಮೇಷ್ಟ್ರೇ," ಅಂದ.

"ಅದು ಕಾಯಿಲೆ ಕಣಯ್ಯ!"

"ಅದು ಆಮೇಲೆ ಗೊತ್ತಾಗಿದ್ದು. ನಾವು ಅಂದ್ಕೊಂಡ್ವಿ, ಸ್ಪರ್ಧೆ ಅಂತ ಈ ಸಲ ಮೇಷ್ಟ್ರು ಸ್ವಲ್ಪ ಧಾರಾಳವಾಗಿ ಸೂಚನೆ ಕೊಡ್ತಿದಾರೆ ಅಂತ."

"ಈ ಸಲ?"

ಯೇಯ್ಸನ್‌ಗೆ ಬಾಯಿ ಜಾರಿದ್ದು ತಿಳಿಯಿತು. ತಿಳಿದ ಮೇಲೆ ಒಂದು ಬಗೆಯ ನಿರಾಳವೂ ಆದ ಹಾಗೆ ಕಂಡಿತು. "ಮುಂಚೆ ನಿಮ್ಮ ಹುಬ್ಬು ಅಲ್ಲಾಡ್ತಿತ್ತಲ್ಲ, ಇಷ್ಟೇ ಇಷ್ಟು. ಬಲಗಡೇದು ಅಂದ್ರೆ ಒಳ್ಳೇದು, ಎಡಗಡೇದು ಅಂದ್ರೆ ಇಲ್ಲ. ಅದನ್ನ ಹಿಡಿಯೋಕೆ ನಾವು ಪಟ್ಟ ಪಾಡು ನಿಮಗೇನು ಗೊತ್ತು. ದೂಮರ್ ಕನ್ನಡಕ ಮಾಡಿಸ್ಕೊಂಡಿದ್ದೇ ಅದಕ್ಕೆ."

ಹನ್ನೊಂದು ವರ್ಷ. ಹನ್ನೊಂದು ವರ್ಷ ಆ ಮೇಜಿನ ನಾಲ್ಕು ನಾಲಿಗೆಗಳು ಒಂದೆರಡು ಅಂಕದಾಚೆ ಹೋಗದೆ ಒಪ್ಪಿಕೊಂಡಿದ್ದವು. ಹೊರದೇಶದ ಕೊಳ್ಳುವವರು ಬಂದು, ಇಂಥ ಮೇಜನ್ನು ಎಲ್ಲೂ ನೋಡಿಲ್ಲ ಎಂದು ಪತ್ರ ಬರೆದು, ಸಂಘದವರು ಆ ಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗಿದ್ದರು. ಅರ್ನುಲ್ಫೊ ಚೌಕಟ್ಟನ್ನು ನೋಡಿದ. ನಾಲ್ಕು ನಾಲಿಗೆ ಇರಲೇ ಇಲ್ಲ, ಒಂದು ನಾಲಿಗೆ, ಮೂರು ಜೊತೆ ಕಣ್ಣು ಇದ್ದವು. ಕೊನೆಗೆ ಆ ಒಂದು ನಾಲಿಗೆಯೂ ಮೂರು ಜೊತೆ ಕಣ್ಣಿಗೆ ಹೆದರಿ ಅವು ಹೇಳಿದ್ದನ್ನೇ ಹೇಳಿತು. ರೋಗ ಮುಖವನ್ನು ಎಳೆಯಿತು, ಮುಖ ಅವರನ್ನು ಎಳೆಯಿತು, ಅವರು ಅವನನ್ನು ಎಳೆದರು. ಎಲ್ಲರೂ ಸೇರಿ ಒಂದು ಹೆಂಗಸಿನ ತೋಟವನ್ನು ಎಳೆದುಹಾಕಿದರು. ಸಿಟ್ಟು ಮಾಡಲು ಯಾರಾದರೂ ಸಿಗುತ್ತಾರೋ ಎಂದು ಹುಡುಕಿದ. ಯೇಯ್ಸನ್ ಚಮಚ ಒರೆಸುತ್ತ ಅವನ ಹುಬ್ಬುಗಳನ್ನೇ ನೋಡುತ್ತಿದ್ದ.

ಆಮೇಲೆ ಹೋದದ್ದು ಸಂಘದ ಮ್ಯಾನೇಜರ ಹತ್ತಿರ. ಮ್ಯಾನೇಜರು ಕುರ್ಚಿ ಕೊಟ್ಟ, ಆರೋಗ್ಯ ವಿಚಾರಿಸಿದ, ಎಲ್ಲ ತಾಳ್ಮೆಯಿಂದ ಕೇಳಿದ. ಕಡತದಿಂದ ಆವತ್ತಿನ ಅಂಕದ ಹಾಳೆ ತೆಗೆದು ಬೆಳಕಿಗೆ ಹಿಡಿದು, ಎಪ್ಪತ್ತೊಂಬತ್ತರ ಅಡಿಯಲ್ಲಿ ಪೆನ್ಸಿಲಿನ ಎಂಬತ್ತೆಂಟು ಇನ್ನೂ ತೆಳ್ಳಗೆ ಉಳಿದಿರುವುದನ್ನೂ ನೋಡಿದ. "ದೋನ್ ಅರ್ನುಲ್ಫೊ, ತಪ್ಪು ತಿಳೀಬೇಡಿ. ಆವತ್ತು ನಿಮ್ಮ ತಲೆ ಸರಿಯಿತ್ತಾ?"

"ಇರ್ಲಿಲ್ಲ. ಡಾಕ್ಟರೇ ಹೇಳಿದಾರಲ್ಲ."

"ಹಾಗಾದ್ರೆ ಈ ಎಂಬತ್ತೆಂಟು ಬರೆದಿದ್ದು ಯಾರು?"

"ನಾನು."

"ತಲೆ ಸರಿಯಿಲ್ಲದ ನೀವು. ಈ ಎಪ್ಪತ್ತೊಂಬತ್ತು?"

"ಅದೂ ನಾನೇ."

"ಎರಡೂ ತಲೆ ಸರಿಯಿಲ್ಲದೋರೇ ಬರೆದಿದ್ದು ಅಂದ್ಮೇಲೆ, ಮೊಹರು ಬಿದ್ದಿರೋದನ್ನೇ ಇಟ್ಕೊಳ್ಳೋಣ," ಅಂದ ಮ್ಯಾನೇಜರು, ಹಾಳೆಯನ್ನು ಕಡತದೊಳಗೆ ಮೆತ್ತಗೆ ಸೇರಿಸುತ್ತ. "ನೀವು ಚೆನ್ನಾಗಿ ನಿದ್ದೆ ಮಾಡಿ."

ಮ್ಯಾನೇಜರನ್ನು ಮೂರ್ಖ ಎನ್ನಲು ಅವನಿಗೆ ಬಹಳ ಆಸೆಯಿತ್ತು. ಆದರೆ ಮನೆಗೆ ನಡೆಯುತ್ತ ನೋಡಿದರೆ, ಆ ಮನುಷ್ಯ ಕೇಳಿದ್ದು ಸರಿಯಾದ ಪ್ರಶ್ನೆಯೇ. ಊದಿದ ಮೆದುಳು ಕೆನ್ನೆಯನ್ನು ಎಳೆಯುವುದಾದರೆ ನಾಲಿಗೆಯನ್ನು ಯಾಕೆ ಬಿಟ್ಟೀತು? ಆ ಕಬ್ಬಿನ ಹಾಲು, ಆ ಹುಣಸೆ, ಬಹಳ ದಿನದ ಮೇಲೆ ಆದ ಆ ಖುಷಿ, ಅದೂ ಒಂದು ಫಿಟ್ಸೇ ಇರಬಹುದು, ಆಡಂಬರ ಮಾಡದ ಇನ್ನೊಂದು. ಜೀಪು ಕೊನೆಯ ಏರು ಹತ್ತುವಾಗ ಅವನನ್ನು ಹಿಂಡುತ್ತಿದ್ದದ್ದು ಇದು. ಹೋಗಿ ಕಡಿಯಬೇಡಿ ಎನ್ನುವುದು ಸುಲಭ. ಅವಳು ಗಿಡ ಉಳಿಸಿಕೊಂಡು, ಅದು ನಿಜವಾಗಿಯೂ ದಂಡದ ಗಿಡವಾಗಿದ್ದರೆ? ಒಂದು ಸಲ ಹಾಳುಮಾಡಿದ್ದು ಸಾಲದೆಂದು ಎರಡನೆಯ ಸಲ ಸ್ವಂತ ಖರ್ಚಿನಲ್ಲಿ ಜೀಪು ಹತ್ತಿ ಬಂದು ಹಾಳುಮಾಡಿದ ಹಾಗೆ. ಔಷಧಿ ಶುರುವಾದಾಗಿಂದ ಬಾಯಲ್ಲಿ ತುಕ್ಕು ಹಿಡಿದ ಮೊಳೆಯ ರುಚಿ ಬೇರೆ. ಅವನಿಗೆ ಭಯವಾಯಿತು. ಇಳಿದು ಬಿಡಲೇ, ಮರೆತುಹೋಯಿತು ಎಂದು ನೂರ್ಬಿಗೆ ಹೇಳಿದರೆ ಅವಳು ನಂಬುತ್ತಾಳೆ ಎಂದೂ ಅನ್ನಿಸಿತು. ಕಾಯಿಲೆ ಬಂದ ಮೇಲೆ ಅವನಿಗೆ ಸಿಕ್ಕ ಒಂದೇ ಅನುಕೂಲ ಅದು. ಅಷ್ಟರಲ್ಲಿ ಜೀಪು ನಿಂತಿತು, ಕೋಳಿಯ ಹೆಂಗಸು ಅವನಿಗೆ ಬೆನ್ನು ಹಾಕಿಕೊಂಡೇ ದಾರಿ ಬಿಟ್ಟಳು, ಅವನು ಇಳಿದ. ಬಾಳೆಗಳ ಆಚೆಯಿಂದ ಗರಗಸದ ಸದ್ದು ಕೇಳುತ್ತಿತ್ತು.

ಎರಡು ಸಾಲು ಆಗಲೇ ನೆಲಕ್ಕೆ ಬಿದ್ದಿದ್ದವು. ಮೊಣಕಾಲೆತ್ತರದ ಬೊಡ್ಡೆಗಳು, ಕಡಿದ ಬಾಯಿ ಇನ್ನೂ ಹಸಿ. ಅಂಗಳದಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲಗಳಲ್ಲಿ ಹೊಸ ಸಸಿಗಳು. ಎತೆಲ್ವಿನಾ ರಬ್ಬರ್ ಬೂಟು ಹಾಕಿಕೊಂಡು ಮೂರನೆಯ ಸಾಲಿನ ಮೊದಲ ಗಿಡದ ಬುಡಕ್ಕೆ ಗರಗಸ ಇಟ್ಟಿದ್ದಳು. ಅರವತ್ತರ ಹತ್ತಿರದ ಗಟ್ಟಿ ಹೆಂಗಸು. ಸೊಂಟಕ್ಕೆ ಕೈಯಿಟ್ಟು ನೆಟ್ಟಗಾದಳು.

"ಓಹೋ, ದೋನ್ ಅರ್ನುಲ್ಫೊ! ಪೇಟೇಲಿ ಕೂತು ನಮ್ಮ ಕಾಫಿ ಉಗುಳಿದ್ದು ಸಾಲದು ಅಂತ ಅಂಗಳಕ್ಕೇ ಬಂದ್ರಾ?"

ಏನೋ ಹೇಳಬೇಕಿತ್ತು. ದಾರಿಯುದ್ದ ಬಾಯಲ್ಲೇ ಇದ್ದದ್ದು ಈಗ ಇಲ್ಲ. ಅವನು ಚೀಟಿ ತೆಗೆದ.

"ಏನದು, ಪ್ರಾರ್ಥನೆ ಚೀಟೀನಾ?"

"ಗಿಡ ಕಡಿಯಬೇಡಿ," ಎಂದು ಓದಿದ.

"ಅಷ್ಟೇನಾ?"

"ಟೋಪಿ ಎಲ್ಲೂ ಬಿಟ್ಟು ಬರಬೇಡಿ."

ಇಬ್ಬರೂ ಅವನ ಬೋಳುತಲೆಯ ವಿಚಾರ ಯೋಚಿಸಿದರು. ಟೋಪಿ ಜೀಪಿನಲ್ಲಿ ಹೋಗಿತ್ತು. ಎತೆಲ್ವಿನಾ ನಕ್ಕುಬಿಟ್ಟಳು. ಅವನು ಒಂದು ಬೊಡ್ಡೆಯ ಮೇಲೆ ಕೂತ. ಕೂತ ಮೇಲೆ ಮಾತು ಬಂತು. ಕಾಯಿಲೆ, ಮುಖ, ಯೇಯ್ಸನ್, ಕನ್ನಡಕ, ರಬ್ಬರು, ಮ್ಯಾನೇಜರು, ಎಲ್ಲವನ್ನೂ ಹಿಂದುಮುಂದಾಗಿ ಹೇಳಿದ. ಅವಳು ಗರಗಸಕ್ಕೆ ಊರಿಕೊಂಡು ಕೇಳಿದಳು.

"ಅಂದ್ರೆ ನಿಮ್ಮ ನಾಲಿಗೆ ಒಳ್ಳೇದು ಅಂತು. ಮುಖ ಕೆಟ್ಟದು ಅಂತು. ಅವರು ನಿಮ್ಮ ಮುಖ ನೋಡಿ ಬರೆದ್ರು. ನೀವು ಅವರದ್ದು ಕೇಳಿ ಅಳಿಸಿದ್ರಿ."

"ಹೌದು."

"ಇಷ್ಟಕ್ಕೆ ನಾಲ್ಕು ಜನ ಬೇಕಾಗಿತ್ತಾ?"

ಅವನು ಚೀಟಿಯನ್ನು ನಾಲ್ಕಾಗಿ ಮಡಚಿದ.

"ಕಾಯಿಲೆ ಬಂದಿದ್ದು ಯಾವ ಕಡೆಗೆ?"

"ಎಡಗಡೆಗೆ. ಮುಖ, ಕೈ, ಎರಡೂ ಎಡಗಡೇದೇ."

"ಅಳಿಸಿದ್ದು?"

"ಬಲಗೈ," ಎಂದ ಅರ್ನುಲ್ಫೊ. ಡಾಕ್ಟರಿಗೂ ಹೇಳದ, ನೂರ್ಬಿಗೂ ಹೇಳದ ಮಾತು. "ಅದಕ್ಕೆ ಏನೂ ಆಗಿರ್ಲಿಲ್ಲ."

ಎತೆಲ್ವಿನಾ ಕಡಿದ ಸಾಲುಗಳ ಕಡೆ ತಿರುಗಿದಳು. ಬಯ್ಯುತ್ತಾಳೆ ಎಂದು ಅವನು ಕಾದ, ಬೈದರೆ ಒಳ್ಳೆಯದಿತ್ತು. "ಬೇರು ಇನ್ನೂ ಕಿತ್ತಿಲ್ಲ, ಚಿಗುರಬಹುದು," ಎಂದಳು, ಅವನಿಗಲ್ಲ. ಆಮೇಲೆ, "ಬನ್ನಿ ಒಳಗೆ. ಕುಡಿದು ನೋಡಿ, ಆಮೇಲೆ ಹೇಳಿ. ಚೀಟಿ ಜೇಬಲ್ಲಿಡಿ."

ಸಂಘದವರು ವಾಪಸು ಕಳಿಸಿದ್ದ ಮಾದರಿಯ ಪೊಟ್ಟಣ, ಎಪ್ಪತ್ತೊಂಬತ್ತರ ಮೊಹರಿನ ಸಮೇತ, ಅಡುಗೆಮನೆಯ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿತ್ತು. ಅವಳು ಅದನ್ನು ಒಂದು ದಿನವೂ ಕುಡಿದಿರಲಿಲ್ಲವಂತೆ. ಒಳ್ಳೆ ಬೀಜ ಮಾರುವುದಕ್ಕೆ, ಮನೆಗೆ ಜರಡಿ ಹಿಡಿದು ಉಳಿದ ಒಡಕು ಬೀಜ, ಅದನ್ನು ಬೆಲ್ಲದ ನೀರಿನಲ್ಲಿ ಕುದಿಸಿದರೆ ಆಯಿತು, ಅಮ್ಮನ ಕಾಲದಿಂದ ಹಾಗೇ. ಬಾಣಲೆಯಲ್ಲಿ ಹುರಿದಳು, ಒಂದು ಮಗ್ಗುಲು ಕರಕಲಾಯಿತು, ಇನ್ನೊಂದು ಬೆಂದೇ ಇರಲಿಲ್ಲ. ತಣಿಯುವುದಕ್ಕೂ ಬಿಡದೆ ಕೈಗಿರಣಿಗೆ ಹಾಕಿದಳು. ಬಟ್ಟೆಯ ಸೋಸುಚೀಲವನ್ನು ನೋಡಿದರೆ ಎಷ್ಟೋ ವರ್ಷದಿಂದ ಆ ಮನೆಯ ಎಲ್ಲ ವಿದ್ಯಮಾನಗಳಿಗೂ ಸಾಕ್ಷಿಯಾದಂತಿತ್ತು. ರುಚಿಕೋಣೆಯ ಗೋಡೆಯ ಮೇಲೆ ಅಂಟಿಸಿದ ಹನ್ನೆರಡು ನಿಯಮಗಳಲ್ಲಿ ಹನ್ನೆರಡೂ ಮುರಿದಿದ್ದವು. ಒಂದು ಕೈಯಲ್ಲಿ ಚೀಲದ ಹಿಡಿ, ಇನ್ನೊಂದರಲ್ಲಿ ಕೆಟಲು ಹಿಡಿದು, "ಬೆಲ್ಲ?" ಎಂದಳು. ಅವನು ಬೇಡವೆಂದ.

ಮೊದಲು ತುಕ್ಕು. ಬರೀ ತುಕ್ಕು, ಕರಕಲು ಹೊಟ್ಟು, ಹಳೇ ಬಟ್ಟೆ. ಹೋಯಿತು, ಎಂದುಕೊಂಡ, ಮ್ಯಾನೇಜರೇ ಸರಿ. ಅಭ್ಯಾಸಬಲದಿಂದ ನಾಲಿಗೆಯ ಮೇಲೆ ಹರಡಿ, ಕೆನ್ನೆಯೊಳಗೆ ಹಿಡಿದುಕೊಂಡು, ಉಗುಳಲು ಡಬ್ಬಿ ಎಲ್ಲಿದೆ ಎಂದು ಕಣ್ಣಾಡಿಸಿದ. ಡಬ್ಬಿ ಇರಲಿಲ್ಲ. ಮೂವತ್ತೊಂದು ವರ್ಷ ಉಗುಳಿ ಸಂಬಳ ತೆಗೆದುಕೊಂಡವನು, ಮನೆಯಲ್ಲಿ ಕುಡಿಯುವುದು ಬಿಸಿ ಚಾಕೊಲೇಟು. ಹೆಂಗಸಿನ ಮುಂದೆ ನೆಲಕ್ಕೆ ಉಗುಳುವ ಹಾಗಿಲ್ಲ. ಹಿಡಿದೇ ಇದ್ದ. ಆಗ ಬಂತು, ತುಕ್ಕಿನ ಅಡಿಯಿಂದ, ಅವಸರವಿಲ್ಲದೆ, ಗಾಣದ ಕಬ್ಬಿನ ಹಾಲು. ಬೆನ್ನಿಗೆ ಹುಣಸೆ. ನುಂಗಿದ. ಅದು ಇದ್ದೇ ಇತ್ತು. ಆವತ್ತೂ ಇತ್ತು. ಅವನಿಗೆ ಅಳು ಬಂತು.

"ಚೆನ್ನಾಗಿದೆ," ಎಂದ.

ಎಂದ ಕ್ಷಣಕ್ಕೆ ಮೂಗು ಮುದುಡಿತು, ಬಾಯಿಯ ಎಡತುದಿ ಕಿವಿಯ ಕಡೆ ಓಡಿತು, ಎಡಗೈ ಮಡಚಿ ಎದ್ದು ಮೇಜಿಗೆ ಬಡಿದು ಬಟ್ಟಲಿನಿಂದ ಕಾಫಿ ತುಳುಕಿತು. ಎರಡು ಸೆಕೆಂಡು. ಎತೆಲ್ವಿನಾ ಎಲ್ಲವನ್ನೂ ಹತ್ತಿರದಿಂದ ನೋಡಿದಳು. ಕಾಯಿಲೆಯ ವಿಚಾರ ಈಗಷ್ಟೇ ಕೇಳಿದ್ದಳು. ಆದರೆ ಕೇಳಿದ್ದು ಕೇಳಿದ್ದು, ನೋಡಿದ್ದು ನೋಡಿದ್ದು. ಅವಳ ಜಾಗದಲ್ಲಿದ್ದರೆ ತಾನೂ ಆ ಮುಖವನ್ನೇ ನಂಬುತ್ತಿದ್ದೆ ಎಂದು ಅವನಿಗೆ ಗೊತ್ತಿತ್ತು.

"ಪರವಾಗಿಲ್ಲ ಬಿಡಿ ದೋನ್ ಅರ್ನುಲ್ಫೊ," ಅವಳ ದನಿ ಮೆತ್ತಗಿತ್ತು, ಅದೇ ಕೆಟ್ಟದಾಗಿತ್ತು. "ಕಾಯಿಲೆ ಮನುಷ್ಯ, ಇಷ್ಟು ದೂರ ಬಂದು ಒಳ್ಳೇ ಮಾತು ಹೇಳಿದ್ರಲ್ಲ, ಅದೇ ದೊಡ್ಡದು." ಗೋಡೆಗೆ ಒರಗಿಸಿದ್ದ ಗರಗಸವನ್ನು ಎತ್ತಿಕೊಂಡಳು. "ಮಳೆ ಬರೋದ್ರೊಳಗೆ ಆ ಸಾಲು ಮುಗಿಸಬೇಕು."

ಡಾಕ್ಟರ ಮಾತನ್ನು ಇನ್ನೊಮ್ಮೆ ಹೇಳಬಹುದಿತ್ತು. ಕಾವಲು ನಾಯಿ, ಊದಿದ ಮೆದುಳು. ಮಾತಿನಿಂದ ಏನಾಗಬೇಕು, ಅವನ ಮಾತಿಗೂ ಮುಖಕ್ಕೂ ಊರಲ್ಲಿ ಇನ್ನು ಬೆಲೆಯಿಲ್ಲ, ಅವನ ಅಂಕಗಳಿಗೆ ಅವನೇ ರಬ್ಬರು ಹಾಕಿದ್ದಾಯಿತು. ಅರ್ನುಲ್ಫೊ ಬಟ್ಟಲಿನಲ್ಲಿ ಉಳಿದದ್ದನ್ನು ಎತ್ತಿ ಗಟಗಟ ಕುಡಿದ. ಬರಿದಾದ ಬಟ್ಟಲನ್ನು ಮೇಜಿನ ಮೇಲೆ ಮುಂದಕ್ಕೆ ತಳ್ಳಿದ.

"ಇನ್ನೊಂದು ಕೊಡಿ."

ಅವಳು ನಿಂತಳು. ಗರಗಸವನ್ನು ಗೋಡೆಗೆ ಒರಗಿಸಿ, ಮರ್ಯಾದೆಗೆಂದು ಬಗ್ಗಿಸಿಕೊಟ್ಟು, ಮತ್ತೆ ಎತ್ತಿಕೊಂಡಳು. ಅದನ್ನೂ ಕುಡಿದ, ನಿಧಾನವಾಗಿ, ಕೊನೆಯ ಗುಟುಕಿನವರೆಗೆ.

"ಇನ್ನೊಂದು."

"ರಾತ್ರಿ ನಿದ್ದೆ ಬರಲ್ಲ ನಿಮಗೆ."

"ಬರದಿದ್ರೆ ಬೇಡ. ಮ್ಯಾನೇಜರು ಮಾಡ್ತಾರೆ ನಿದ್ದೆ."

ಮೂರನೆಯದನ್ನು ಕುಡಿಯುವಾಗ ಜೇಬಿನ ಚೀಟಿ ನೆನಪಾಗಿ ಮಾತ್ರೆಯನ್ನೂ ಅದರಲ್ಲೇ ನುಂಗಿದ. ತಲೆ ಎತ್ತಿದಾಗ ಕೆನ್ನೆ ಇನ್ನೊಮ್ಮೆ ಎಳೆಯಿತು. ಈ ಸಲ ಅವನಿಗೂ ಗೊತ್ತಾಯಿತು, ಎದುರಿಗೆ ನಿಂತವಳ ಕಣ್ಣಿನಿಂದ.

"ಮುಖ ಮತ್ತೆ ಸೊಟ್ಟ ಆಯ್ತು," ಎಂದಳು ಎತೆಲ್ವಿನಾ.

"ಆಗ್ಲಿ ಬಿಡಿ. ನೀವು ಬಗ್ಗಿಸಿ."

ಅವನು ಬಟ್ಟಲನ್ನು ಚಾಚಿಯೇ ಇದ್ದ. ಅವಳು ಆ ಬಟ್ಟಲನ್ನು ನೋಡಿದಳು, ತಳದಲ್ಲಿ ಒಂದು ಹನಿಯೂ ಉಳಿದಿರಲಿಲ್ಲ. ಬಾಗಿಲಾಚೆ ಮೂರನೆಯ ಸಾಲು ನಿಂತಿತ್ತು, ಮೊದಲ ಗಿಡದ ಬುಡದಲ್ಲಿ ಗರಗಸದ ಅರ್ಧ ಬೆರಳಿನಷ್ಟು ಗಾಯ. ಸೋಸುವುದಕ್ಕೆ ಒಂದು ಕೈ ಬೇಕು, ಕೆಟಲಿಗೆ ಒಂದು ಕೈ. ಎತೆಲ್ವಿನಾ ಗರಗಸವನ್ನು ಈ ಸಲ ಮೇಜಿನ ಕೆಳಗೆ, ಕಾಲಿಗೆ ಸಿಗದ ಹಾಗೆ ಒಳಕ್ಕೆ ತಳ್ಳಿ, ಶೆಲ್ಫಿನಿಂದ ತನಗೂ ಒಂದು ಬಟ್ಟಲು ತೆಗೆದಳು.